ಅವ್ವನ ಕೈಯಳತೆಯನ್ನು ಬರೆದಿಡುವುದು ಹೇಗೆ? ಬಸ್ಸಾರು, ಮುದ್ದೆ, ಉಪ್ಸಾರಿನ ಲೆಕ್ಕ

ಮನೆ ಅಡುಗೆಯನ್ನು ಬರೆದಿಡಬೇಕು ಅಂತ ಹೊರಟವರು ಮೊದಲು ಸಿಕ್ಕಿಹಾಕಿಕೊಳ್ಳುವುದು ಅಳತೆಯಲ್ಲಿ. "ಉಪ್ಪು ಎಷ್ಟು ಹಾಕ್ಬೇಕವ್ವ?" ಅಂದರೆ "ಒಸಿ ಹಾಕು" ಅನ್ನುತ್ತಾರೆ. ಹುಣಸೆಹಣ್ಣು? "ಹುಳಿ ಹಿಡಿಯೋ ಅಷ್ಟು." ಎಷ್ಟು ಹೊತ್ತು ಬೇಯಿಸೋದು? "ಬೇಯೋವರ್ಗೂ!" ಕೇಳಿದವರಿಗೆ ಸಿಟ್ಟು ಬರುತ್ತದೆ. ಆದರೆ ಅವರೇನೂ ಗುಟ್ಟು ಮಾಡುತ್ತಿಲ್ಲ. ಅವರು ಮಾಡುವುದೇ ಹಾಗೆ. ಬೆಳ್ಳುಳ್ಳಿ ಯಾವ ಬಣ್ಣಕ್ಕೆ ತಿರುಗಿತು, ನೊರೆ ಎಲ್ಲಿವರೆಗೆ ಎದ್ದಿತು, ಕೋಲು ತಿರುಗಿಸುವಾಗ ಕೈಗೆ ಎಷ್ಟು ಬಿಗಿ ಅನ್ನಿಸಿತು, ಇವೇ ಅವರ ಅಳತೆ.

ಹಾಗಾಗಿ ಅಡುಗೆ ಬರೆದುಕೊಳ್ಳುವಾಗ ಪ್ರತಿ ಹಂತಕ್ಕೂ ಎರಡು ವಿಷಯ ಬರೆಯಬೇಕು. ಒಂದು ಅಳತೆ, ಇನ್ನೊಂದು ಗುರುತು. ಒಲೆ ಬದಲಾದರೆ, ನೀರು ಬದಲಾದರೆ, ಹಿಟ್ಟು ಹಳೆಯದಾದರೆ ಅಳತೆ ಕೈಕೊಡುತ್ತದೆ. ಗುರುತು ಕೈಕೊಡುವುದು ಕಡಿಮೆ. ನಮ್ಮದು ಮಂಡ್ಯ ಕಡೆಯ ಮನೆ. ಆದ್ದರಿಂದ ಬಸ್ಸಾರು, ಮುದ್ದೆ, ಉಪ್ಸಾರು ಇಟ್ಟುಕೊಂಡೇ ಹೇಳುತ್ತೇನೆ. ನಿಮ್ಮ ಮನೆಯದು ತಂಬುಳಿಯೋ, ಎಣ್ಣೆಗಾಯಿಯೋ, ಕೋರಿ ಗಸಿಯೋ ಆಗಿರಬಹುದು. ದಾರಿ ಅದೇ.

ಮೊದಲು ಪಕ್ಕದಲ್ಲಿ ನಿಲ್ಲಿ

ಫೋನಿನಲ್ಲಿ ಕೇಳಿ ಬರೆದುಕೊಂಡರೆ ಅರ್ಧ ಅಡುಗೆ ಮಾತ್ರ ಸಿಗುತ್ತದೆ. ಅಮ್ಮನೋ ಅಜ್ಜಿಯೋ ಅತ್ತೆಯೋ, ಯಾರ ಅಡುಗೆ ಬೇಕೋ ಅವರು ಮಾಡುವಾಗ ಪಕ್ಕದಲ್ಲೇ ನಿಲ್ಲಬೇಕು. ಹಬ್ಬದ ದಿನ ಬೇಡ, ನೆಂಟರು ಬಂದ ದಿನವಂತೂ ಬೇಡವೇ ಬೇಡ. ಅಂಥ ದಿನ ಅವರಿಗೆ ನಿಮ್ಮ ಪ್ರಶ್ನೆಗೆ ಉತ್ತರ ಹೇಳುವ ಪುರುಸೊತ್ತು ಇರುವುದಿಲ್ಲ. ಸುಮ್ನೆ ಒಂದು ಮಾಮೂಲಿ ದಿನ, ಒಂದೇ ಒಂದು ಅಡುಗೆ ಹಿಡಿದುಕೊಳ್ಳಿ.

"ಚಮಚದಲ್ಲಿ ಅಳೆದು ಹಾಕಿ" ಅಂತ ಅವರಿಗೆ ಹೇಳಬೇಡಿ. ಹೇಳಿದರೆ ಕೈ ತಪ್ಪುತ್ತದೆ, ಅಡುಗೆ ಬೇರೆಯೇ ಆಗುತ್ತದೆ. ಇದಕ್ಕೊಂದು ಸುಲಭದ ಉಪಾಯ ಇದೆ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ತಗೊಳ್ಳಿ. ಶುರು ಮಾಡುವ ಮೊದಲು ಉಪ್ಪಿನ ಡಬ್ಬಿ, ಸಾರಿನ ಪುಡಿ ಡಬ್ಬಿ, ಹುಣಸೆಹಣ್ಣಿನ ಜಾಡಿ, ಎಣ್ಣೆ ಪಾತ್ರೆ, ಎಲ್ಲವನ್ನೂ ಒಮ್ಮೆ ತೂಗಿ ಬರೆದಿಟ್ಟುಕೊಳ್ಳಿ. ಅಡುಗೆ ಮುಗಿದ ಮೇಲೆ ಮತ್ತೊಮ್ಮೆ ತೂಗಿ. ಎಷ್ಟು ಕಡಿಮೆಯಾಗಿದೆಯೋ ಅಷ್ಟು ಅಡುಗೆಗೆ ಹೋಗಿದೆ. ಅವರ ಕೈ ಅವರ ಪಾಡಿಗೆ ನಡೆಯಿತು, ನಿಮಗೆ ಲೆಕ್ಕವೂ ಸಿಕ್ಕಿತು.

ಪಾತ್ರೆಗಳ ಲೆಕ್ಕವನ್ನೂ ಹೀಗೇ ಹಿಡಿಯಿರಿ. ಹಳೇ ಮನೆಗಳಲ್ಲಿ ಇನ್ನೂ ಪಾವು, ಅಚ್ಚೇರು (ಅರ್ಧ ಸೇರು) ಇವೆ. ನಾಲ್ಕು ಪಾವಿಗೆ ಒಂದು ಸೇರು. ಆದರೆ ಒಂದೊಂದು ಮನೆಯ ಪಾವು ಒಂದೊಂದು ಗಾತ್ರ. ಮೆಟ್ರಿಕ್ ಅಳತೆಯ ಕಾನೂನು ಬಂದಿದ್ದು 1956ರಲ್ಲಿ. ಅಂಗಡಿಗಳು ಆಮೇಲೆ ಕೆಜಿ, ಲೀಟರಿಗೆ ಬದಲಾದವು, ಅಡುಗೆಮನೆಗಳು ಮಾತ್ರ ಬದಲಾಗಲಿಲ್ಲ. ಕೆಲವರಿಗೆ ಪಾವೂ ಬೇಡ, ಒಂದು ಹಳೇ ಸ್ಟೀಲ್ ಲೋಟವೇ ಸಾಕು. ಆ ಪಾವಿಗೋ ಲೋಟಕ್ಕೋ ಗಂಟಲವರೆಗೆ ನೀರು ತುಂಬಿ, ಮಿಲಿಲೀಟರ್ ಗೆರೆ ಇರುವ ಪಾತ್ರೆಗೆ ಸುರಿದು ನೋಡಿ. ಅಡುಗೆ ಪುಸ್ತಕದವರು ಕಪ್ ಅನ್ನುವುದು ಸಾಮಾನ್ಯವಾಗಿ 240 ಮಿಲಿ. ನಿಮ್ಮನೆ ಲೋಟ 180 ಇರಬಹುದು, 300 ಇರಬಹುದು. "ಅಮ್ಮನ ಲೋಟ = ಇಷ್ಟು ಮಿಲಿ" ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದರೆ ಮುಂದಿನ ಎಲ್ಲಾ ಅಡುಗೆಗೂ ಅದೇ ಕೀಲಿಕೈ.

ಪ್ರಶ್ನೆ ಕೇಳುವುದರಲ್ಲೂ ಜಾಣತನ ಬೇಕು. "ಎಷ್ಟು?" ಅಂತ ಕೇಳಿದರೆ "ಒಸಿ" ಅಂತಲೇ ಉತ್ತರ. "ಈಗ ಯಾಕೆ ಉರಿ ಸಣ್ಣ ಮಾಡಿದ್ರಿ?" ಅಂತ ಕೇಳಿ. "ಇದು ಆಯ್ತು ಅಂತ ಹೆಂಗೆ ಗೊತ್ತಾಯ್ತು?" ಅಂತ ಕೇಳಿ. "ಮಳೆಗಾಲದಲ್ಲೂ ಹಿಂಗೇನಾ?" "ನಿಮ್ಮ ಅತ್ತೆ ಹೆಂಗೆ ಮಾಡ್ತಿದ್ರು?" ಈ ಕೊನೇ ಪ್ರಶ್ನೆ ಕೇಳಿದ ಮೇಲೆ ನೀವು ಬಾಯಿ ಬಿಡುವ ಅಗತ್ಯವೇ ಇಲ್ಲ. ಅವರ ಅತ್ತೆ ಏನೇನು ತಪ್ಪು ಮಾಡುತ್ತಿದ್ದರು ಅನ್ನುವ ನೆಪದಲ್ಲಿ ಎರಡು ತಲೆಮಾರಿನ ಅಡುಗೆ ತಾನಾಗಿ ಹೊರಗೆ ಬರುತ್ತದೆ. ಫೋನಿನ ರೆಕಾರ್ಡರ್ ಆನ್ ಮಾಡಿ ಮಿಕ್ಸಿಯಿಂದ ದೂರ ಇಡಿ. ವಿಡಿಯೋಗಿಂತ ಬರೀ ದನಿ ವಾಸಿ. ಕ್ಯಾಮೆರಾ ಕಂಡರೆ ಸೆರಗು ಸರಿ ಮಾಡಿಕೊಂಡು ಟಿವಿಯವರ ಥರ ಮಾತಾಡಲು ಶುರು ಮಾಡುತ್ತಾರೆ.

ಬಸ್ಸಾರು: ಒಂದೇ ಪಾತ್ರೆ, ಎರಡು ಅಡುಗೆ

ನಮ್ಮ ಕಡೆ ಹೊಲಕ್ಕೆ ಹೋಗುವ ಮನೆಗಳಲ್ಲಿ ಬಸ್ಸಾರು ಬೇರೂರಿದ್ದಕ್ಕೆ ಕಾರಣ ಸರಳ. ಕಾಳು, ಸೊಪ್ಪು ಒಟ್ಟಿಗೆ ಬೇಯುತ್ತವೆ. ಬಸಿದ ನೀರು, ಅಂದರೆ ಕಟ್ಟು, ಸಾರಿಗೆ. ಉಳಿದ ಕಾಳು ಸೊಪ್ಪು ಪಲ್ಯಕ್ಕೆ. ಒಂದು ಸಲ ಒಲೆ ಉರಿಸಿದರೆ ಮುದ್ದೆಗೆ ಬೇಕಾದ್ದೆಲ್ಲ ಆಯ್ತು. ಸೊಪ್ಪಿಗೆ ದುಡ್ಡು ಕೊಡುವ ಮಾತೇ ಇರಲಿಲ್ಲ. ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನೆ ಸೊಪ್ಪು, ಕೀರೆ ಎಲ್ಲ ಬೆರೆತು ಬೆಳೆದಿರುತ್ತಿದ್ದವು. ಮಡಿಲಲ್ಲಿ ಕಿತ್ತು ತಂದರೆ ಅದೇ ಬೆರಕೆ ಸೊಪ್ಪು. ಈಗಲೂ ಸಿಗುತ್ತದೆ. ಆದರೆ ಸೊಪ್ಪಿನ ಗುರುತು ಗೊತ್ತಿರುವವರ ಜೊತೆ ಹೋಗಿ ಕೀಳಿ, ಕಳೆನಾಶಕ ಹೊಡೆದ ಹೊಲದ ಹತ್ತಿರ ಹೋಗಲೇಬೇಡಿ.

ಕೆಳಗಿನದು ನಾಲ್ಕು ಜನಕ್ಕೆ.

ಬೇಯಿಸಲು: ಹೆಸರುಕಾಳು 100 ಗ್ರಾಂ, ದಂಟಿನ ಸೊಪ್ಪು ಬಿಡಿಸಿ ಹೆಚ್ಚಿದ್ದು ಸುಮಾರು 300 ಗ್ರಾಂ, ಒಂದು ಹಿಡಿ ಸಬ್ಬಸಿಗೆ ಸೊಪ್ಪು, ನೀರು ಒಂದೂವರೆ ಲೀಟರ್.

ರುಬ್ಬಲು: ಮಧ್ಯಮ ಗಾತ್ರದ ಈರುಳ್ಳಿ 1, ಬೆಳ್ಳುಳ್ಳಿ 8ರಿಂದ 10 ಎಸಳು, ಒಣಮೆಣಸಿನಕಾಯಿ 6 (ನಾಲ್ಕು ಬ್ಯಾಡಗಿ, ಎರಡು ಗುಂಟೂರು), ಕೊತ್ತಂಬರಿ ಬೀಜ 1 ದೊಡ್ಡ ಚಮಚ, ಜೀರಿಗೆ 1 ಸಣ್ಣ ಚಮಚ, ಮೆಣಸು ಅರ್ಧ ಸಣ್ಣ ಚಮಚ, ಕಾಯಿತುರಿ ಅರ್ಧ ಕಪ್, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು. ಮನೆಯ ಸಾರಿನ ಪುಡಿ ಇದ್ದರೆ ಮೆಣಸಿನಕಾಯಿಯಿಂದ ಮೆಣಸಿನವರೆಗೆ ಎಲ್ಲ ಬಿಟ್ಟು ಪುಡಿಯನ್ನೇ 2 ದೊಡ್ಡ ಚಮಚ ಹಾಕಿ.

ಮೆಣಸಿನಕಾಯಿ ಬಗ್ಗೆ ಒಂದು ಮಾತು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಬರೀ ಗುಂಟೂರು ಹಾಕಿದರೆ ನಾಲಿಗೆ ಸುಡುತ್ತದೆ, ಸಾರು ಮಾತ್ರ ಬಿಳುಪಾಗಿಯೇ ಉಳಿಯುತ್ತದೆ. ಬರೀ ಬ್ಯಾಡಗಿ ಹಾಕಿದರೆ ನೋಡುವುದಕ್ಕೆ ಚೆಂದ ಅಷ್ಟೆ, ಮುದ್ದೆ ಜೊತೆ ಸಪ್ಪೆ.

1. ಕಾಳನ್ನು ತೊಳೆದು ನೀರಿನಲ್ಲಿ ಬೇಯಲು ಇಡಿ. ನೆನೆಸಿರದಿದ್ದರೆ 20 ನಿಮಿಷ ಬೇಕಾಗಬಹುದು. ಕುಕ್ಕರ್ ಆದರೆ ಕಾಳು ಮಾತ್ರ ಒಂದು ವಿಷಲ್. ಗುರುತು: ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಆದರೆ ಇನ್ನೂ ಹಿಟ್ಟಿಟ್ಟಾಗಿ ಇರಬೇಕು. ಪೂರ್ತಿ ಮೆತ್ತಗಾದರೆ ಆಮೇಲೆ ಪಲ್ಯ ಮುದ್ದೆಯಾಗುತ್ತದೆ.

ಎಷ್ಟು ಹೊತ್ತಾದರೂ ಕಾಳು ಬೇಯುತ್ತಿಲ್ಲ ಅಂದರೆ ಕಾಳನ್ನು ಬೈಯುವ ಮೊದಲು ನೀರನ್ನು ನೋಡಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಕಾಳಿನ ಸಿಪ್ಪೆಯನ್ನು ಗಟ್ಟಿ ಮಾಡುತ್ತದೆ. ಹೊಳೆ ನೀರಿನಲ್ಲಿ ಬೇಗ ಬೆಂದ ಕಾಳು ಬೆಂಗಳೂರಿನ ಹೊಸ ಬಡಾವಣೆಯಲ್ಲಿ ಹಠ ಹಿಡಿಯುವುದು ಇದಕ್ಕೇ. ಕುಡಿಯುವ ಫಿಲ್ಟರ್ ನೀರಿನಲ್ಲಿ ಬೇಯಿಸಿ. ಹುಣಸೆಹಣ್ಣು, ಟೊಮೇಟೊ ಮುಂಚೆಯೇ ಹಾಕಿದರೂ ಇದೇ ಗೋಳು. ಹುಳಿ ಬಿದ್ದ ಮೇಲೆ ಕಾಳು ಬೇಯುವುದು ನಿಧಾನ. ಸೋಡಾ ಹಾಕುವ ಆಸೆ ಬೇಡ, ಕಾಳು ಲೋಳೆಯಾಗುತ್ತದೆ, ರುಚಿಯೂ ಕೆಡುತ್ತದೆ.

2. ಹೆಚ್ಚಿದ ದಂಟು, ಸೊಪ್ಪು, ಒಂದು ಸಣ್ಣ ಚಮಚ ಉಪ್ಪು ಹಾಕಿ. ಸಬ್ಬಸಿಗೆ ಕೊನೆಗೆ ಹಾಕಿ. ಇಲ್ಲಿಂದ ಮುಚ್ಚಳ ಮುಚ್ಚಬೇಡಿ, ಸೊಪ್ಪಿನ ಹಸಿರು ಮಾಸುತ್ತದೆ. 6ರಿಂದ 8 ನಿಮಿಷ. ಗುರುತು: ದಂಟನ್ನು ಉಗುರಲ್ಲಿ ಚುಚ್ಚಿದರೆ ಸಲೀಸಾಗಿ ಇಳಿಯಬೇಕು.

3. ಬಸಿಯಿರಿ. ಅವ್ವ ಪಾತ್ರೆಯ ಬಾಯಿಗೆ ತಟ್ಟೆ ಅಡ್ಡ ಹಿಡಿದು, ಎರಡೂ ಕಡೆ ಮಸಿಬಟ್ಟೆಯಲ್ಲಿ ಒತ್ತಿ, ಪಾತ್ರೆಯನ್ನು ಓರೆ ಮಾಡಿ ಬಸಿಯುತ್ತಿದ್ದರು. ತಟ್ಟೆಗೂ ಪಾತ್ರೆಗೂ ನಡುವೆ ಒಂದು ಗೆರೆಯಷ್ಟೇ ಜಾಗ. ಬಿಸಿ ಹಬೆ ಮೊಣಕೈವರೆಗೆ ಹೊಡೆಯುತ್ತಿತ್ತು. ಅವರು ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಕಣ್ಣು ಅರ್ಧ ಮುಚ್ಚಿ, ಕಟ್ಟು ಬೀಳುವ ಸದ್ದು ಕೇಳಿಕೊಂಡೇ ಬಸಿಯುತ್ತಿದ್ದರು. ಧಾರೆ ನಿಂತು ತೊಟ್ಟಿಕ್ಕಲು ಶುರುವಾದ ತಕ್ಷಣ ಪಾತ್ರೆ ನೆಟ್ಟಗೆ. ನೀವು ಜರಡಿ ಬಳಸಿ, ಕೈ ಸುಟ್ಟುಕೊಳ್ಳುವ ಅಗತ್ಯ ಇಲ್ಲ. ಆದರೆ ಜರಡಿಯಲ್ಲಿ ಸೌಟಿನಿಂದ ಒತ್ತಿ ಹಿಂಡಬೇಡಿ. ಹಿಂಡಿದರೆ ಸಾರು ಬಗ್ಗಡವಾಗುತ್ತದೆ, ಪಲ್ಯ ಒಣಗುತ್ತದೆ. ಸುಮಾರು ಒಂದು ಲೀಟರ್ ಕಟ್ಟು ಸಿಗಬೇಕು. ಕಡಿಮೆ ಬಂದರೆ ಬಿಸಿನೀರು ಸೇರಿಸಿ.

4. ಬಾಣಲೆಯಲ್ಲಿ ಎರಡು ಸಣ್ಣ ಚಮಚ ಎಣ್ಣೆ. ಮೊದಲು ಬೆಳ್ಳುಳ್ಳಿ, ಆಮೇಲೆ ಈರುಳ್ಳಿ. ಗುರುತು: ಬೆಳ್ಳುಳ್ಳಿ ಮೇಲೆ ಕಂದು ಚುಕ್ಕೆ ಬೀಳಬೇಕು, ಈರುಳ್ಳಿಯ ಅಂಚು ಕೆಂಪಾಗಬೇಕು. ಈಗ ಉರಿ ಸಣ್ಣ ಮಾಡಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಮೆಣಸು ಹಾಕಿ. ಘಮ ಬಂದ ಕೂಡಲೇ ಒಲೆ ಆರಿಸಿ. ಕಾಯಿತುರಿಗೆ ಬಾಣಲೆಯ ಬಿಸಿಯೇ ಸಾಕು. ಸಾರಿನ ಪುಡಿ ಬಳಸುವವರು ಅದನ್ನೂ ಒಲೆ ಆರಿಸಿದ ಮೇಲೆಯೇ ಹಾಕಿ, ಉರಿಯಲ್ಲಿ ಹಾಕಿದರೆ ಪುಡಿ ಸೀಯುತ್ತದೆ.

5. ಆರಿದ ಮೇಲೆ ಹುಣಸೆಹಣ್ಣು ಸೇರಿಸಿ, ಬಸಿದಿಟ್ಟ ಕಾಳುಸೊಪ್ಪಿನಲ್ಲಿ ಒಂದು ಸೌಟು ತೆಗೆದು ಇದಕ್ಕೇ ಹಾಕಿ ನುಣ್ಣಗೆ ರುಬ್ಬಿ. ಈ ಒಂದು ಸೌಟು ಬಿಟ್ಟರೆ ಸಾರು ಕೆಳಗೆ ನೀರು, ಮೇಲೆ ಮಸಾಲೆ ಅಂತ ಎರಡಾಗುತ್ತದೆ. ಬರೆದುಕೊಂಡವರು ಬಿಟ್ಟುಬಿಡುವುದೂ ಹೆಚ್ಚಾಗಿ ಇದನ್ನೇ. ಯಾಕೆಂದರೆ ಮಾಡುವವರು ಇದನ್ನು ಬಾಯಲ್ಲಿ ಹೇಳುವುದಿಲ್ಲ, ಕೈ ತಾನಾಗಿ ಹೋಗುತ್ತದೆ. ಪಕ್ಕದಲ್ಲಿ ನಿಂತವರಿಗೇ ಕಾಣುವುದು.

6. ಕಟ್ಟಿಗೆ ರುಬ್ಬಿದ್ದನ್ನು ಹಾಕಿ, ಉಪ್ಪು ನೋಡಿ ಕುದಿಸಿ. 8ರಿಂದ 10 ನಿಮಿಷ. ಗುರುತು ಮೂರು ಇವೆ. ಮೊದಲು ಅಂಚಿನಲ್ಲಿ ನೊರೆ ಏಳುತ್ತದೆ. ಆಮೇಲೆ ನೊರೆ ನಡುವಿನವರೆಗೆ ಬಂದು ಕಡಿಮೆಯಾಗುತ್ತದೆ. ಅಷ್ಟರಲ್ಲಿ ಈರುಳ್ಳಿ, ಬೆಳ್ಳುಳ್ಳಿಯ ಹಸಿ ವಾಸನೆ ಹೋಗಿರುತ್ತದೆ. ಅಲ್ಲಿಗೆ ನಿಲ್ಲಿಸಿ. ಕಾಯಿ ಹಾಕಿದ ಸಾರನ್ನು ಜಾಸ್ತಿ ಕುದಿಸಿದರೆ ಒಡೆದ ಹಾಗೆ ಆಗುತ್ತದೆ.

7. ಒಗ್ಗರಣೆಗೆ ಎಣ್ಣೆ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು, ಕರಿಬೇವು, ಮುರಿದ ಒಂದು ಒಣಮೆಣಸಿನಕಾಯಿ. ಸಾರಿಗೆ ಸುರಿದು ತಕ್ಷಣ ಮುಚ್ಚಿ.

8. ಪಲ್ಯಕ್ಕೆ ಬೇರೆ ಬಾಣಲೆ. ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಈರುಳ್ಳಿ. ಈರುಳ್ಳಿ ಮೆತ್ತಗಾದ ಮೇಲೆ ಕಾಳುಸೊಪ್ಪು ಹಾಕಿ ಮೂರು ನಿಮಿಷ ಬಾಡಿಸಿ, ಮೇಲೆ ಕಾಯಿತುರಿ ಉದುರಿಸಿ. ಉಪ್ಪು ಹಾಕುವ ಮೊದಲು ಬಾಯಿಗೆ ಹಾಕಿ ನೋಡಿ, ಬೇಯಿಸುವಾಗಲೇ ಹಾಕಿರುತ್ತೀರಿ.

ಬಸ್ಸಾರು ತೆಳ್ಳಗಿರಬೇಕು. ಈಗ ಕೆಲವು ಹೋಟೆಲುಗಳಲ್ಲಿ ಕುರ್ಮಾದಷ್ಟು ಗಟ್ಟಿ ಮಾಡಿ, ಮೇಲೆ ಎಣ್ಣೆ ತೇಲಿಸಿ ಕೊಡುತ್ತಾರೆ. ಅದು ಚೆನ್ನಾಗಿರಬಹುದು, ಆದರೆ ಮುದ್ದೆಗೆ ಆಗಿಬರುವುದಿಲ್ಲ. ಮುದ್ದೆ ಗಂಟಲಲ್ಲಿ ಇಳಿಯಬೇಕಾದರೆ ಸಾರು ಹರಿಯಬೇಕು.

ಕಾಳು, ಸೊಪ್ಪು ಬದಲಾಯಿಸಲು ಯಾರ ಅಪ್ಪಣೆಯೂ ಬೇಡ. ಹಲಸಂದೆ ಕಾಳು, ತೊಗರಿಬೇಳೆ, ಹುರುಳಿಕಾಯಿ, ಎಲೆಕೋಸು ಎಲ್ಲವೂ ನಡೆಯುತ್ತವೆ. ನವೆಂಬರಿನಿಂದ ಫೆಬ್ರವರಿವರೆಗೆ ಸೊಗಡಿನ ಅವರೆಕಾಯಿ ಸಿಗುತ್ತದಲ್ಲ, ಆಗ ಹೆಸರುಕಾಳನ್ನು ಕೈಯಲ್ಲೂ ಮುಟ್ಟಬೇಡಿ. ಸೊಗಡು ಚೆನ್ನಾಗಿದೆಯೋ ಇಲ್ಲವೋ ಅಂತ ನೋಡಲು ಕಾಯಿ ಮುಟ್ಟಿದ ಕೈಯನ್ನು ಮೂಸಿ. ವಾಸನೆ ಕೈಗೆ ಅಂಟಿದ್ದರೆ ಕೊಳ್ಳಿ.

ಮುದ್ದೆ: ಇಲ್ಲಿ ಗುರುತೇ ಎಲ್ಲ

ಮುದ್ದೆಗೆ ಬೇಕಾಗಿರುವುದು ಹಿಟ್ಟು, ನೀರು, ಉಪ್ಪು. ಅಷ್ಟಕ್ಕೇ ಜನ ಹೆದರುತ್ತಾರೆ. ಅಳತೆ ಬಾಯಿಪಾಠ ಆದರೂ ಗಂಟಾಗುತ್ತದೆ ಅನ್ನುವವರೇ ಜಾಸ್ತಿ. ಯಾಕೆಂದರೆ ಕಪ್ಪಿಗೆ ಎಷ್ಟು ಅಂತ ಕೇಳಿಕೊಂಡಿರುತ್ತಾರೆ, ಯಾವಾಗ ಕೋಲು ಹಾಕಬೇಕು ಅಂತ ಕೇಳಿರುವುದಿಲ್ಲ.

ನಾಲ್ಕು ಮುದ್ದೆಗೆ ರಾಗಿಹಿಟ್ಟು 2 ಕಪ್, ನೀರು 4 ಕಪ್, ಉಪ್ಪು ಕಾಲು ಸಣ್ಣ ಚಮಚ. ಇದರ ಜೊತೆ ಅರ್ಧ ಕಪ್ ಬಿಸಿನೀರು ಪಕ್ಕದಲ್ಲಿ ಇರಲಿ. ಹಿಟ್ಟು ಹಳೆಯದಾದಷ್ಟೂ ನೀರು ಜಾಸ್ತಿ ಕುಡಿಯುತ್ತದೆ, ಹೊಸ ರಾಗಿ ಅಂಟು ಬರುತ್ತದೆ ಅಂತ ನಮ್ಮ ಮನೆಯಲ್ಲಿ ಹೇಳುತ್ತಾರೆ. ಹಾಗಾಗಿ ಹಿಟ್ಟಿನ ಪ್ಯಾಕೆಟ್ ಬದಲಾದಾಗೆಲ್ಲ ಮೊದಲ ದಿನ ನೀರನ್ನು ಕೈ ಹಿಡಿದು ಹಾಕಿ.

1. ಒಂದು ದೊಡ್ಡ ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ. ದಪ್ಪ ತಳದ ಪಾತ್ರೆಯಲ್ಲಿ ನೀರು, ಉಪ್ಪು ಹಾಕಿ ಕುದಿಯಲು ಇಟ್ಟು, ಕಲಸಿದ್ದನ್ನು ಸುರಿಯಿರಿ. ಗುರುತು: ಅಂಬಲಿಯ ಥರ ಆಗಿ ಕೊತಕೊತ ಕುದಿಯಬೇಕು.

2. ಉಳಿದ ಹಿಟ್ಟನ್ನು ನಡುವಿಗೆ ಒಂದೇ ಗುಡ್ಡೆಯಾಗಿ ಹಾಕಿ. ಕಲಕಬೇಡಿ. ಎಲ್ಲರ ಕೈಯೂ ಇಲ್ಲೇ ತುರಿಸುತ್ತದೆ. ಕಲಕಿದರೆ ಗಂಟು ಗ್ಯಾರಂಟಿ. ಕೋಲಿನ ಹಿಂಬದಿಯಿಂದ ಗುಡ್ಡೆಗೆ ಮೂರು ನಾಲ್ಕು ತೂತು ಮಾಡಿ, ಕೆಳಗಿನ ಕುದಿ ಮೇಲೆ ಬರಲು ದಾರಿ ಬೇಕು.

3. ಉರಿ ಸಣ್ಣ ಮಾಡಿ, ಅರ್ಧ ಮುಚ್ಚಿ, ಐದಾರು ನಿಮಿಷ ಬಿಡಿ. ಗುರುತು: ತೂತುಗಳಿಂದ ಅಂಬಲಿ ಗುಳುಗುಳು ಅಂತ ಉಕ್ಕಿ ಹಿಟ್ಟಿನ ಮೇಲೆ ಹರಿಯಬೇಕು. ಗುಡ್ಡೆಯ ಮೇಲ್ಭಾಗದ ಬಿಳಿ ಹಿಟ್ಟು ಒದ್ದೆಯಾಗಿ ಬಣ್ಣ ಬದಲಾಗಿರಬೇಕು.

4. ಪಾತ್ರೆಯನ್ನು ಇಳಿಸಿ. ಈಗ ಹಿಟ್ಟು ತೊಳಸಬೇಕು. ಪಾತ್ರೆ ತಿರುಗದ ಹಾಗೆ ಹಳ್ಳಿಗಳಲ್ಲಿ ಕವೆಗೋಲು (ಕವಲಿರುವ ಕೋಲು) ಹಾಕಿ, ಅದನ್ನು ಕಾಲಲ್ಲಿ ಒತ್ತಿ ಹಿಡಿಯುತ್ತಿದ್ದರು. ನಿಮಗೆ ಇಕ್ಕಳ ಇದ್ದರೆ ಸಾಕು, ಇಲ್ಲದಿದ್ದರೆ ಇನ್ನೊಬ್ಬರು ಹಿಡಿದುಕೊಳ್ಳಲಿ. ಕೋಲನ್ನು ಪಾತ್ರೆಯ ಗೋಡೆಗೆ ಒತ್ತಿ, ಗೋಡೆಯಿಂದ ನಡುವಿಗೆ ಎಳೆದು ಮಡಚಿ. ಸುಮ್ನೆ ಗರಗರ ತಿರುಗಿಸಿದರೆ ಗಂಟು ಒಡೆಯುವುದಿಲ್ಲ, ಹಿಟ್ಟು ಕೋಲಿನ ಜೊತೆ ಸುತ್ತುತ್ತದೆ ಅಷ್ಟೆ. ಮೊದಲು ಹಗುರ ಇರುತ್ತದೆ, ಒಂದು ನಿಮಿಷದಲ್ಲಿ ಕೈಗೆ ಬಿಗಿ ಬರುತ್ತದೆ. ಆಮೇಲೆ ಮತ್ತೆ ಸ್ವಲ್ಪ ಸಡಿಲ ಆಗುತ್ತದೆ. ಆ ಎರಡನೇ ಸಡಿಲವೇ ಗುರುತು, ಹಿಟ್ಟು ನುಣ್ಣಗಾಯಿತು ಅಂತ ಅರ್ಥ. ಬಿಗಿ ಹಾಗೇ ಉಳಿದು ಕೈ ಸೋತರೆ ಪಕ್ಕದ ಬಿಸಿನೀರು ಒಂದೆರಡು ಚಮಚ ಹಾಕಿ.

5. ಮತ್ತೆ ಒಲೆಯ ಮೇಲಿಟ್ಟು, ಮುಚ್ಚಿ, ತೀರಾ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ. ಗುರುತು: ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು. ಮೇಲೆ ಹೊಳಪು ಬಂದಿರಬೇಕು. ಹಸಿ ಹಿಟ್ಟಿನ ವಾಸನೆ ಹೋಗಿ, ಸುಟ್ಟ ರೊಟ್ಟಿಯ ಅಂಚಿನಂಥ ಘಮ ಬರುತ್ತದೆ.

6. ತಟ್ಟೆಗೆ ಸ್ವಲ್ಪ ನೀರು ಸವರಿ, ಕೈ ಒದ್ದೆ ಮಾಡಿಕೊಂಡು ಬಿಸಿ ಇರುವಾಗಲೇ ಕಟ್ಟಿ. ಆರಿದರೆ ಮೇಲೆ ಬಿರುಕು ಬಿಡುತ್ತದೆ. ಕೈ ಸುಡುತ್ತದೆ ಅನ್ನುವವರು ಸಣ್ಣ ಬಟ್ಟಲಿಗೆ ತುಪ್ಪ ಸವರಿ, ಹಿಟ್ಟು ಹಾಕಿ ಗಿರಗಿರ ಆಡಿಸಿದರೆ ಉಂಡೆ ತಾನಾಗಿ ಆಗುತ್ತದೆ. ಇದು ಮೋಸ ಅಂತ ನಮ್ಮ ದೊಡ್ಡಮ್ಮ ಹೇಳುತ್ತಾರೆ. ತಿನ್ನುವವರಿಗೆ ಗೊತ್ತಾಗುವುದಿಲ್ಲ ಬಿಡಿ.

ರಾಗಿಯ ಬಗ್ಗೆ ಹಿರಿಯರ ಹತ್ತಿರ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ, ಆಗ ಯಾವ ರಾಗಿ ಬೆಳೆಯುತ್ತಿದ್ದಿರಿ ಅನ್ನುವುದು. ಮಂಡ್ಯ, ತುಮಕೂರು, ಹಾಸನದ ಮನೆಗಳಲ್ಲಿ "ಇಂಡಾಫ್" ಅನ್ನುವ ಹೆಸರು ಬಂದೇ ಬರುತ್ತದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ತಂದ ತಳಿಗಳು ಅವು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಆ ತಳಿ ಬಂದ ಮೇಲೆ ಮನೆಯಲ್ಲಿ ಎಷ್ಟು ಮೂಟೆ ಜಾಸ್ತಿ ಆಯಿತು, ಹಗೇವಿನಲ್ಲಿ (ಕಾಳು ತುಂಬಿಡುವ ನೆಲದಡಿಯ ಗುಂಡಿ) ಎಷ್ಟು ವರ್ಷ ಇಟ್ಟಿದ್ದರು, ಹಗೇವು ತೆರೆದಾಗ ಒಳಗೆ ಇಳಿಯಲು ಯಾಕೆ ಕಾಯಬೇಕಿತ್ತು ಅಂತ ಕೇಳಿ. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ಉಸಿರುಗಟ್ಟುತ್ತದೆ. ಇಂಥ ಮಾತು ಅಡುಗೆಯ ಪುಟದಲ್ಲೇ ಇರಲಿ. ಮುದ್ದೆಯ ಲೆಕ್ಕ ಶುರುವಾಗುವುದೇ ಅಲ್ಲಿಂದ ಅಲ್ವಾ?

ಉಪ್ಸಾರು: ಬೇಗ ಮುಗಿಯುವುದು

ಬಸ್ಸಾರು ಮಾಡಲು ಬಂದವರಿಗೆ, ಕಟ್ಟು ಬಸಿದ ಮೇಲೆ ಉಪ್ಸಾರು ಹತ್ತು ನಿಮಿಷದ ಕೆಲಸ. ಕಾಳು, ಸೊಪ್ಪು ಬೇಯಿಸುವುದು, ಬಸಿಯುವುದು ಎಲ್ಲ ಅದೇ. ಬೇಯುವಾಗ ಪಾತ್ರೆಗೆ ಎಂಟು ಹತ್ತು ಹಸಿಮೆಣಸಿನಕಾಯಿಯನ್ನೂ ಹಾಕಿಬಿಡಿ. ಬಸಿದ ಮೇಲೆ ಮೆಣಸಿನಕಾಯಿಗಳನ್ನು ಆರಿಸಿ ತೆಗೆದು, ಬೆಳ್ಳುಳ್ಳಿ ಆರು ಎಸಳು, ಜೀರಿಗೆ ಒಂದು ಸಣ್ಣ ಚಮಚ, ಮೆಣಸು ಕಾಲು ಸಣ್ಣ ಚಮಚ, ಉಪ್ಪು, ಚೂರು ಹುಣಸೆಹಣ್ಣು ಸೇರಿಸಿ ಒರಳಿನಲ್ಲಿ ಅರೆಯಿರಿ. ಇದು ಖಾರ. ಕಟ್ಟಿಗೆ ಬರೀ ಉಪ್ಪು ಹಾಕಿ ಒಂದು ಕುದಿ ಕುದಿಸಿ. ಖಾರವನ್ನು ಸಾರಿಗೆ ಬೆರೆಸಬಾರದು, ತಟ್ಟೆಯ ಅಂಚಿಗೆ ಹಾಕಿಕೊಂಡು ಬೇಕಾದಷ್ಟು ಕಲಸಿಕೊಳ್ಳಬೇಕು. ಮಿಕ್ಸಿಯಲ್ಲಾದರೆ ಎರಡೇ ಸುತ್ತು, ನುಣ್ಣಗೆ ಮಾಡಬೇಡಿ.

ಖಾರ ಬೇರೆ ಇಡುವುದರ ಹಿಂದೆ ಮನೆಯ ಬುದ್ಧಿ ಇದೆ. ಬಾಣಂತಿ, ಚಿಕ್ಕ ಮಕ್ಕಳು, ಹಲ್ಲಿಲ್ಲದ ಅಜ್ಜ, ಹೊಲದಿಂದ ಬಂದ ಆಳು, ಎಲ್ಲರಿಗೂ ಒಂದೇ ಪಾತ್ರೆಯ ಸಾರು. ಖಾರ ಮಾತ್ರ ಅವರವರ ಇಷ್ಟ. ನಮ್ಮ ಅಪ್ಪ ಖಾರದ ಉಂಡೆಯನ್ನು ತಟ್ಟೆಯ ಬಲಗಡೆ ಅಂಚಿಗೆ ಅಂಟಿಸಿ, ಪ್ರತಿ ತುತ್ತಿಗೂ ಮುದ್ದೆಯಿಂದ ಒಂದು ಸಲ ಸವರಿಕೊಂಡೇ ಸಾರಿಗೆ ಅದ್ದುತ್ತಿದ್ದರು. ಊಟ ಮುಗಿದಾಗ ಉಂಡೆಯ ಒಂದು ಪಕ್ಕ ಕತ್ತಿಯಿಂದ ಕೊಯ್ದ ಹಾಗೆ ಸಪಾಟಾಗಿರುತ್ತಿತ್ತು.

ನೆನಪನ್ನು ಎಲ್ಲಿ ಬರೆಯಬೇಕು?

ಹೆಚ್ಚಿನವರು ನೆನಪನ್ನೆಲ್ಲ ಮೊದಲ ಪುಟಕ್ಕೆ ತುರುಕಿ, ಕೆಳಗೆ ಬರೀ ಸಾಮಾನಿನ ಪಟ್ಟಿ ಕೊಡುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಹತ್ತು ವರ್ಷ ಆದ ಮೇಲೆ ಮಗಳೋ ಮೊಮ್ಮಗನೋ ಅಡುಗೆ ಮಾಡಲು ಪುಸ್ತಕ ತೆಗೆದಾಗ ಮೊದಲ ಪುಟ ಹಾರಿಸಿ ಪಟ್ಟಿಗೇ ಹೋಗುತ್ತಾರೆ. ನೆನಪು ಯಾವ ಹಂತಕ್ಕೆ ಸೇರಿದ್ದೋ ಅದೇ ಹಂತದಲ್ಲಿ ಬರೆಯಿರಿ. ನನ್ನ ನೋಟ್‌ಬುಕ್ಕಿನಲ್ಲಿ ಬಸ್ಸಾರಿನ ಪುಟ ಹೀಗಿದೆ:

"ಬಸಿಯುವುದು. ಕಟ್ಟು ಅವ್ವನ ಲೋಟದಲ್ಲಿ 4. ತೊಟ್ಟಿಕ್ಕಲು ಶುರುವಾದರೆ ನಿಲ್ಲಿಸು. ಅಜ್ಜಿ ಮೊದಲ ಅರ್ಧ ಲೋಟ ಕಟ್ಟಿಗೆ ಉಪ್ಪು, ಮೆಣಸಿನಪುಡಿ ಹಾಕಿ ಹುಷಾರಿಲ್ಲದವರಿಗೆ ಕುಡಿಯಲು ಕೊಡುತ್ತಿದ್ದರು."

"ಖಾರ. ಬ್ಯಾಡಗಿ 4, ಗುಂಟೂರು 2. ಚಿಕ್ಕಪ್ಪ ಬಂದರೆ ಗುಂಟೂರು 4."

"ಸೊಪ್ಪು. ಶ್ರಾವಣದಲ್ಲಿ ಬೆರಕೆ ಸೊಪ್ಪು. ಬೇಸಿಗೆಯಲ್ಲಿ ಸಿಗಲ್ಲ, ಎಲೆಕೋಸು ಹಾಕ್ತಾರೆ, ಯಾರಿಗೂ ಇಷ್ಟ ಇಲ್ಲ."

ಯಾರು ಹೇಳಿದ್ದು, ಯಾವ ತಿಂಗಳು, ಯಾವ ಊರಿನ ಮನೆ, ಇಷ್ಟನ್ನು ಪುಟದ ಮೇಲೆ ಬರೆದರೆ ಸಾಕು. ಅವರು ಆಡಿದ ಮಾತನ್ನು ತಿದ್ದಿ ಗ್ರಾಂಥಿಕ ಮಾಡಬೇಡಿ. "ಒಸಿ ಬಾಡುಸ್ಬುಟ್ಟು" ಅಂದಿದ್ದರೆ ಹಾಗೇ ಬರೆಯಿರಿ. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಬರೆಯಿರಿ. ನಮ್ಮಲ್ಲಿ ಸಾರಿಗೆ ಟೊಮೇಟೊ ಹಾಕಬೇಕೋ ಬೇಡವೋ ಅನ್ನುವ ಜಗಳ ಅವ್ವನಿಗೂ ಚಿಕ್ಕಮ್ಮನಿಗೂ ಇನ್ನೂ ಮುಗಿದಿಲ್ಲ. ಪುಸ್ತಕದಲ್ಲಿ ತೀರ್ಪು ಕೊಡಲು ನಾನ್ಯಾರು?

ಬರೆದದ್ದನ್ನು ಒಮ್ಮೆ ನೀವೇ ಒಬ್ಬರೇ ಮಾಡಿ ನೋಡಿ, ಆಮೇಲೆ ಅವರಿಗೇ ಬಡಿಸಿ. "ಚೆನ್ನಾಗೈತೆ" ಅಂದರೆ ನಂಬಬೇಡಿ, ಮಕ್ಕಳು ಮಾಡಿದ್ದನ್ನು ಚೆನ್ನಾಗಿಲ್ಲ ಅನ್ನುವವರು ಕಡಿಮೆ. "ಇದರಲ್ಲಿ ಏನು ಕಮ್ಮಿ?" ಅಂತ ಕೇಳಿ. ಆಗ ಬರುವ ಉತ್ತರವನ್ನು ಕೆಂಪು ಪೆನ್ನಿನಲ್ಲಿ ಆ ಹಂತದ ಪಕ್ಕ ಬರೆದುಕೊಳ್ಳಿ.

ಊರು ಬಿಟ್ಟು ದೂರ ಇರುವವರಿಗೆ

ಹೊರದೇಶದಲ್ಲಿ ರಾಗಿಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಪ್ಯಾಕೆಟ್ ಮೇಲೆ ಫಿಂಗರ್ ಮಿಲೆಟ್ ಅಂತ ಇರುತ್ತದೆ. ತಾರೀಕು ನೋಡಿ. ರಾಗಿ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ, ಹಿಟ್ಟು ಹಾಗಲ್ಲ, ಹಳೆಯದಾದರೆ ಕಹಿ ತಿರುಗುತ್ತದೆ. ತಂದ ಮೇಲೆ ಫ್ರಿಜ್ಜಿನಲ್ಲಿಡಿ.

ದಂಟಿನ ಸೊಪ್ಪು ಚೀನೀ ಅಂಗಡಿಗಳಲ್ಲಿ ಕೆಂಪು, ಹಸಿರು ಎರಡೂ ಥರ ಸಿಗುತ್ತದೆ. ಸಬ್ಬಸಿಗೆಗೆ ಡಿಲ್ ಅಂತ ಕೇಳಿ, ಹೆಚ್ಚಿನ ಸೂಪರ್ ಮಾರ್ಕೆಟ್ಟುಗಳಲ್ಲಿ ಇರುತ್ತದೆ. ಬೀಟ್ರೂಟಿನ ಎಲೆ ಬಿಸಾಡಬೇಡಿ, ಬಸ್ಸಾರಿಗೆ ಚೆನ್ನಾಗಿ ಹೊಂದುತ್ತದೆ, ಸಾರು ಸ್ವಲ್ಪ ಕೆಂಪಾಗುತ್ತದೆ ಅಷ್ಟೆ. ಪಾಲಕ್ ಮಾತ್ರ ನನಗೆ ಸರಿ ಬಂದಿಲ್ಲ, ಎರಡೇ ನಿಮಿಷಕ್ಕೆ ಕರಗಿ ಕಟ್ಟು ಹಸಿರು ಕೆಸರಾಗುತ್ತದೆ.

ಅವರೆಕಾಳಿಗೆ ಫ್ರೀಜರಿನಲ್ಲಿ ಲಿಲ್ವಾ ಅಂತ ಗುಜರಾತಿ ಹೆಸರಿನ ಪ್ಯಾಕೆಟ್ ಇರುತ್ತದೆ. ಅದರಲ್ಲಿ ಎರಡು ಥರ. ಸುರ್ತಿ ಪಾಪ್ಡಿ ಲಿಲ್ವಾ ಅಂದರೆ ನಮ್ಮ ಅವರೆ. ತುವರ್ ಲಿಲ್ವಾ ಅಂದರೆ ಹಸಿ ತೊಗರಿಕಾಳು. ಎರಡೂ ಹಸಿರು, ಅವಸರದಲ್ಲಿ ಬೇರೆಯದು ಕೈಗೆ ಬರುತ್ತದೆ. ಬಂದರೂ ಚಿಂತೆ ಇಲ್ಲ, ಹಸಿ ತೊಗರಿಕಾಳಿನ ಬಸ್ಸಾರೂ ನಮ್ಮದೇ.

ಮುದ್ದೆ ಕೋಲು ಇಲ್ಲದವರು ಚಪಾತಿ ಲಟ್ಟಣಿಗೆಯ ಹಿಡಿಕೆ ಬಳಸುತ್ತಾರೆ, ನಡೆಯುತ್ತದೆ. ಕರೆಂಟ್ ಒಲೆಯಲ್ಲಿ ಒಂದು ತೊಂದರೆ ಇದೆ. ಉರಿ ಸಣ್ಣ ಮಾಡಿದರೂ ತಟ್ಟೆಯ ಬಿಸಿ ಕೂಡಲೇ ಇಳಿಯುವುದಿಲ್ಲ, ತಳ ಸೀಯುತ್ತದೆ. ಹಿಟ್ಟು ಹಾಕುವ ಮೊದಲೇ ಪಕ್ಕದ ಒಲೆಯನ್ನು ಸಣ್ಣದರಲ್ಲಿ ಕಾಯಿಸಿಟ್ಟು, ಪಾತ್ರೆಯನ್ನೇ ಅಲ್ಲಿಗೆ ಸರಿಸಿ.

ಮಿಕ್ಕಿದ್ದಕ್ಕೆ

ಪಲ್ಯದ ಮೇಲೆ ಹಸಿ ಕಾಯಿತುರಿ ಇರುವುದರಿಂದ ಅದನ್ನು ಅವತ್ತೇ ಮುಗಿಸಿ. ಬಸ್ಸಾರು ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಮಾರನೆ ದಿನ ಮಸಾಲೆ ಕೂಡಿಕೊಂಡು ಇನ್ನೂ ರುಚಿ. ಬಿಸಿ ಮಾಡುವಾಗ ಒಂದೇ ಕುದಿ, ಗಟ್ಟಿಯಾಗಿದ್ದರೆ ಬಿಸಿನೀರು. ಮುದ್ದೆ ಮಿಕ್ಕರೆ ರಾತ್ರಿ ಮುಳುಗುವಷ್ಟು ನೀರಿನಲ್ಲಿ ಹಾಕಿಡಿ. ಬೆಳಿಗ್ಗೆ ಆ ನೀರಿನಲ್ಲೇ ಕಿವುಚಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕುಡಿಯಿರಿ. ಏಪ್ರಿಲ್, ಮೇ ಸೆಕೆಯಲ್ಲಿ ಹೊರಗಿಟ್ಟರೆ ಜಾಸ್ತಿ ಹುಳಿ ಬರುತ್ತದೆ, ಆಗ ಪಾತ್ರೆಯನ್ನು ಫ್ರಿಜ್ಜಿಗೆ ತಳ್ಳಿ. ನಂಚಿಕೊಳ್ಳಲು ನಿನ್ನೆಯ ಉಪ್ಸಾರಿನ ಖಾರ ಒಂದು ಚೂರು ಇದ್ದರೆ ಉಪ್ಪಿನಕಾಯಿ ಬೇಡ.